ಲಿಸ್ಟ್ ತೋರಿಸಿದ್ದು, ಡೆಪ್ಪೆ ಹೇಳಿಕೊಟ್ಟದ್ದು

ಪಿಯಾನೊ ಕಲಿಸುವುದು ಹೇಗೆಂದು ಗುರುಗಳು ಬರೆದ ಪುಸ್ತಕಗಳು ಯುರೋಪಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಪಾಠದ ಕೋಣೆಯಲ್ಲಿ ನಿಜವಾಗಿ ಏನು ನಡೆಯಿತು, ಗುರುವಿನ ಯಾವ ಮಾತು ಶಿಷ್ಯರ ಕೈಗೆ ಹತ್ತಿತು, ಯಾವುದು ಹತ್ತಲಿಲ್ಲ ಎಂಬುದನ್ನು ಶಿಷ್ಯರೇ ಬರೆದಿಟ್ಟ ದಾಖಲೆಗಳು ವಿರಳ. ಅಂಥ ದಾಖಲೆಗಳಲ್ಲಿ ಇಂದಿಗೂ ಎಡೆಬಿಡದೆ ಓದಿಸಿಕೊಳ್ಳುವ ಪುಸ್ತಕವೊಂದು ಅಮೆರಿಕದ ಪಿಯಾನೊ ವಾದಕಿ ಏಮಿ ಫೇ ಅವರ ‘ಮ್ಯೂಸಿಕ್ ಸ್ಟಡಿ ಇನ್ ಜರ್ಮನಿ’. 1869ರಿಂದ 1875ರವರೆಗೆ ಜರ್ಮನಿಯಲ್ಲಿದ್ದು ನಾಲ್ವರು ಗುರುಗಳ ಬಳಿ ಪಾಠ ಹೇಳಿಸಿಕೊಂಡ ಫೇ, ಆ ವರ್ಷಗಳಲ್ಲಿ ಮನೆಯವರಿಗೆ ಬರೆದ ಪತ್ರಗಳೇ ಈ ಪುಸ್ತಕದ ಸಾಮಗ್ರಿ. ಅದನ್ನು ಬಹುತೇಕ ಓದುಗರು ಕೈಗೆತ್ತಿಕೊಳ್ಳುವುದು ಮೂರನೆಯ ಗುರು ಫ್ರಾಂಝ್ ಲಿಸ್ಟ್ ಅವರಿಗಾಗಿ. ಆದರೆ ಆ ಪತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಿಗೆ, ಕಲಿಕೆಯ ಇತಿಹಾಸದಲ್ಲಿ ಹೆಚ್ಚು ತೂಕದ ಸಂಗತಿ ನಾಲ್ಕನೆಯ ಗುರುವಿನ ಮನೆಯಲ್ಲಿ ನಡೆಯಿತೆಂಬುದು ಸ್ಪಷ್ಟವಾಗುತ್ತದೆ. ಆ ಗುರುವಿನ ಹೆಸರು ಲುಡ್ವಿಗ್ ಡೆಪ್ಪೆ; ಸಂಗೀತ ಬಲ್ಲವರಲ್ಲೂ ಆ ಹೆಸರು ಕೇಳಿದವರು ಹೆಚ್ಚಿಲ್ಲ.

ಏಮಿ ಫೇ ಹುಟ್ಟಿದ್ದು 1844ರಲ್ಲಿ, ಲೂಸಿಯಾನಾದ ಮಿಸಿಸಿಪಿ ನದಿಯ ದಂಡೆಯ ಬಾಯೂ ಗೂಲಾ ಎಂಬಲ್ಲಿ. ತಂದೆ ಪಾದ್ರಿ, ತಾಯಿ ಬಿಷಪ್ ಒಬ್ಬರ ಮಗಳು. ಮನೆಯಲ್ಲಿ ಓದು, ಭಾಷೆ, ಸಂಗೀತ ಮೂರಕ್ಕೂ ಸ್ಥಾನವಿತ್ತು. ತಾಯಿ ತೀರಿಕೊಂಡ ಮೇಲೆ ಕೆಲ ವರ್ಷಗಳಿಗೆ ಅವರು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಅಕ್ಕ ಮೆಲುಸೀನಾ ಅವರ ಆಶ್ರಯಕ್ಕೆ ಬಂದರು. ಮೆಲುಸೀನಾ ಅವರ ಪತಿ ಪ್ರಸಿದ್ಧ ತತ್ತ್ವಶಾಸ್ತ್ರಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್. ಅಲ್ಲಿ ಮುಂದೆ ಹಾರ್ವರ್ಡ್‌ನ ಸಂಗೀತ ಪ್ರಾಧ್ಯಾಪಕರಾದ ಜಾನ್ ನೋಲ್ಸ್ ಪೇನ್ ಅವರ ಬಳಿ ಕಲಿತ ಫೇ, ಇನ್ನೂ ಹೆಚ್ಚಿನ ಶಿಕ್ಷಣ ಬೇಕೆಂದು 1869ರಲ್ಲಿ, ತಮ್ಮ 25ನೇ ವಯಸ್ಸಿನಲ್ಲಿ, ಬರ್ಲಿನ್‌ಗೆ ಹೊರಟರು. ಆ ಕಾಲದ ಅಮೆರಿಕದಲ್ಲಿ ಸಂಗೀತವನ್ನೇ ವೃತ್ತಿಯಾಗಿ ಹಿಡಿಯಬಯಸಿದವರಿಗೆ ಜರ್ಮನಿಗೆ ಹೋಗದೆ ಗತ್ಯಂತರವಿರಲಿಲ್ಲ ಎನ್ನಬೇಕು. ಮೆಂಡೆಲ್ಸನ್ 1843ರಲ್ಲಿ ಲೈಪ್ಸಿಗ್‌ನಲ್ಲಿ ಸ್ಥಾಪಿಸಿದ ಸಂಗೀತ ವಿದ್ಯಾಲಯದ ಮಾದರಿಯಲ್ಲಿ ಬರ್ಲಿನ್, ಸ್ಟುಟ್‌ಗಾರ್ಟ್ ಮುಂತಾದ ಊರುಗಳಲ್ಲಿ ವಿದ್ಯಾಲಯಗಳು ಎದ್ದಿದ್ದವು; ಹೆಣ್ಣುಮಕ್ಕಳಿಗೂ ಅವುಗಳ ಬಾಗಿಲು ತೆರೆದಿತ್ತು.

ಈ ಶಿಷ್ಯೆ ಎದುರಿಸಿದ ಕಷ್ಟ ಎಂಥದೆಂದು ತಿಳಿಯಲು ಪಿಯಾನೊದ ಒಳರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ರೂಪಿಸಿದ ಈ ವಾದ್ಯದಲ್ಲಿ ಬೆರಳು ಕೀಯನ್ನು ಒತ್ತಿದಾಗ ಒಳಗಿನ ಸನ್ನೆಗೋಲುಗಳು ಚಲಿಸಿ ಸುತ್ತಿಗೆಯೊಂದನ್ನು ತಂತಿಯತ್ತ ಎಸೆಯುತ್ತವೆ. ತಂತಿಯನ್ನು ಮುಟ್ಟುವ ಮುನ್ನವೇ ಸುತ್ತಿಗೆ ಕೀಯ ಹಿಡಿತದಿಂದ ಬಿಡಿಸಿಕೊಂಡು ತನ್ನಷ್ಟಕ್ಕೆ ಹಾರುವುದರಿಂದ, ಆ ಕ್ಷಣದಾಚೆಗೆ ವಾದಕರು ಕೀಯ ಮೇಲೆ ಏನು ಮಾಡಿದರೂ ಹುಟ್ಟಿದ ನಾದ ಬದಲಾಗುವುದಿಲ್ಲ. ವೀಣೆಯಲ್ಲಿ ಮೀಟಿದ ನಂತರವೂ ತಂತಿಯನ್ನು ಎಳೆದು ಗಮಕ ತೆಗೆಯಬಹುದು, ಪಿಟೀಲಿನಲ್ಲಿ ಕಮಾನಿನ ಒತ್ತಡದಿಂದ ಸ್ವರವನ್ನು ಉಬ್ಬಿಸಿ ಇಳಿಸಬಹುದು. ಪಿಯಾನೊದಲ್ಲಿ ಅದಕ್ಕೆ ಅವಕಾಶವಿಲ್ಲ. ಸುಮಾರು 10 ಮಿಲಿಮೀಟರ್ ಆಳಕ್ಕೆ ಇಳಿಯುವ ಕೀಯ ಆ ಕಿರುಪಯಣದಲ್ಲೇ ಸ್ವರದ ಗಾತ್ರವೂ ಬಣ್ಣವೂ ನಿಶ್ಚಯವಾಗಬೇಕು. ಆದುದರಿಂದ ಪಿಯಾನೊ ಕಲಿಕೆಯಲ್ಲಿ ‘ಸ್ಪರ್ಶ’ ಎಂಬ ಮಾತಿಗೆ, ಅಂದರೆ ಕೈ ಕೀಯನ್ನು ಸೇರುವ ಬಗೆಗೆ, ಇಷ್ಟು ಮಹತ್ವ.

ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯವೇ ಬದಲಾಯಿತು. ಪ್ಯಾರಿಸ್‌ನ ಸೆಬಾಸ್ಟಿಯನ್ ಎರಾರ್ 1821ರಲ್ಲಿ ಒಂದೇ ಸ್ವರವನ್ನು ವೇಗವಾಗಿ ಮತ್ತೆ ಮತ್ತೆ ನುಡಿಸಲು ಅನುವಾಗುವ ಹೊಸ ಯಂತ್ರರಚನೆಯನ್ನು ತಂದರು; 1825ರಲ್ಲಿ ಅಮೆರಿಕದ ಆಲ್ಫಿಯಸ್ ಬ್ಯಾಬ್ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಹಕ್ಕುಪತ್ರ ಪಡೆದರು; 1859ರಲ್ಲಿ ಸ್ಟೈನ್‌ವೇ ಸಂಸ್ಥೆ ದೊಡ್ಡ ಪಿಯಾನೊಗಳಲ್ಲಿ ಮಂದ್ರ ತಂತಿಗಳನ್ನು ಉಳಿದ ತಂತಿಗಳ ಮೇಲೆ ಅಡ್ಡಲಾಗಿ ಹಾಯಿಸುವ ವಿನ್ಯಾಸಕ್ಕೆ ಹಕ್ಕುಪತ್ರ ಪಡೆಯಿತು. ಕಬ್ಬಿಣ ಬಂದ ಮೇಲೆ ತಂತಿಗಳು ದಪ್ಪವಾದವು, ಅವುಗಳ ಒಟ್ಟು ಎಳೆತ ಮುಂದೆ 20 ಟನ್ನುಗಳ ಹತ್ತಿರಕ್ಕೆ ಏರಿತು, ಸುತ್ತಿಗೆಗಳು ತೂಕವಾದವು, ಕೀ ಒತ್ತಲು ಮೊದಲಿಗಿಂತ ಹೆಚ್ಚು ಬಲ ಬೇಕಾಯಿತು. ಮೊಟ್ಸಾರ್ಟ್ ಕಾಲದ ವಿಯೆನ್ನಾದ ಮರದ ಚೌಕಟ್ಟಿನ ಹಗುರ ವಾದ್ಯಕ್ಕೆ ಬೆರಳಿನ ಚಲನೆಯೊಂದೇ ಸಾಕಾಗುತ್ತಿತ್ತು. ಹೊಸ ವಾದ್ಯಕ್ಕೆ ಅದು ಸಾಲದು. ಆದರೂ ಬೋಧನೆ ಮಾತ್ರ ಹಳೆಯ ಜಾಡನ್ನು ಬಿಡಲಿಲ್ಲ: ತೋಳನ್ನೂ ಮಣಿಕಟ್ಟನ್ನೂ ಅಲುಗಾಡದಂತೆ ಹಿಡಿದು, ಬೆರಳುಗಳನ್ನು ಎತ್ತರಕ್ಕೆತ್ತಿ ಬಲವಾಗಿ ಬಡಿಯುವುದನ್ನೇ ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡಿಸುವ ಕ್ರಮ ಸ್ಟುಟ್‌ಗಾರ್ಟ್ ವಿದ್ಯಾಲಯದ ಮೂಲಕ ಎಲ್ಲೆಡೆ ಹಬ್ಬಿತು. ಅದರಿಂದ ಅನೇಕರ ಕೈ ಹಾಳಾಯಿತು. ಕೈಯ ದುರ್ಬಲ ಬೆರಳನ್ನು ಬಲಪಡಿಸಲು ಸಾಧನವೊಂದನ್ನು ಬಳಸಿದ ರಾಬರ್ಟ್ ಶೂಮನ್ ಅವರ ಬಲಗೈ 1830ರ ದಶಕದ ಆರಂಭದಲ್ಲೇ ಕೆಟ್ಟು, ಅವರು ವಾದನ ವೃತ್ತಿಯ ಆಸೆಯನ್ನು ಬಿಡಬೇಕಾದದ್ದು ಎಲ್ಲರಿಗೂ ತಿಳಿದಿದ್ದ ಸಂಗತಿ. ಆ ಹಾನಿಗೆ ಕಾರಣ ಸಾಧನವೇ ಅಥವಾ ಬೇರೆ ರೋಗವೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಫೇ ಬರ್ಲಿನ್‌ನಲ್ಲಿ ಮೊದಲು ಸೇರಿದ್ದು ಕಾರ್ಲ್ ಟೌಸಿಗ್ ಅವರ ಶಾಲೆಯನ್ನು. ಹದಿನಾಲ್ಕನೆಯ ವಯಸ್ಸಿಗೆ ಲಿಸ್ಟ್ ಅವರ ಶಿಷ್ಯರಾಗಿದ್ದ ಟೌಸಿಗ್ ಆಗ ಇನ್ನೂ ಮೂವತ್ತು ದಾಟದ ಯುವಕ, ವಾದನದ ನಿಖರತೆಯಲ್ಲಿ ಸಾಟಿಯಿಲ್ಲದವರೆಂದು ಖ್ಯಾತರಾದವರು. ಆದರೆ ಅವರಿಗೆ ಕಲಿಸುವ ತಾಳ್ಮೆ ಇರಲಿಲ್ಲ. ಶಿಷ್ಯೆ ನುಡಿಸುತ್ತಿರುವಾಗಲೇ ಸಿಡುಕಿ, ಆಕೆಯನ್ನು ಪಕ್ಕಕ್ಕೆ ಸರಿಸಿ, ತಾವೇ ಕುಳಿತು ಅದೇ ಭಾಗವನ್ನು ಮಿಂಚಿನಂತೆ ನುಡಿಸಿ, ಹೀಗೆ ನುಡಿಸು ಎಂದು ಹೇಳುವುದೇ ಅವರ ಪಾಠವಾಗಿತ್ತೆಂದು ಫೇ ಅವರ ಪತ್ರಗಳಿಂದ ತಿಳಿಯುತ್ತದೆ. 1870ರಲ್ಲಿ ಅವರು ಶಾಲೆಯನ್ನೇ ಮುಚ್ಚಿ ಹೊರಟುಹೋದರು. ಮರುವರ್ಷ ಲೈಪ್ಸಿಗ್‌ನಲ್ಲಿ ವಿಷಮಶೀತ ಜ್ವರದಿಂದ 29ನೇ ವಯಸ್ಸಿಗೆ ತೀರಿಕೊಂಡರು.

ಎರಡನೆಯ ಗುರು ಥಿಯೊಡೋರ್ ಕುಲ್ಲಾಕ್. 1855ರಲ್ಲಿ ಅವರು ಬರ್ಲಿನ್‌ನಲ್ಲಿ ಸ್ಥಾಪಿಸಿದ ಸಂಗೀತ ಅಕಾಡೆಮಿ ಜರ್ಮನಿಯ ಅತಿ ದೊಡ್ಡ ಖಾಸಗಿ ಸಂಗೀತ ಶಾಲೆಯಾಗಿ ಬೆಳೆಯಿತು. ಎರಡೂ ಕೈಗಳಲ್ಲಿ ಅಷ್ಟಮ ಸ್ವರಗಳನ್ನು, ಅಂದರೆ ಒಂದು ಸ್ಥಾಯಿಯ ಅಂತರದ ಎರಡು ಸ್ವರಗಳನ್ನು, ಏಕಕಾಲಕ್ಕೆ ನುಡಿಸುವ ಕೌಶಲ ಕುರಿತ ಅವರ ಪಠ್ಯ ಬಹುಕಾಲ ಬಳಕೆಯಲ್ಲಿತ್ತು. ಫೇ ಇಲ್ಲಿ ಮೂರು ವರ್ಷಗಳಷ್ಟು ಕಾಲ ಕಲಿತರು. ಗುರು ಪಕ್ಕದ ಇನ್ನೊಂದು ಪಿಯಾನೊದಲ್ಲಿ ಕುಳಿತು ತಾವೂ ನುಡಿಸುತ್ತ ತಿದ್ದುತ್ತಿದ್ದರು. ತಿದ್ದುಪಡಿಗಳು ಸರಿಯಾಗಿಯೇ ಇದ್ದವು, ಆದರೆ ಆ ಸೊಗಸು ಕುಲ್ಲಾಕ್ ಅವರ ಕೈಯಲ್ಲಿ ಹೇಗೆ ಬರುತ್ತದೆ, ತನ್ನ ಕೈಯಲ್ಲಿ ಏಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಶಿಷ್ಯೆಗೆ ಉತ್ತರ ಸಿಗಲಿಲ್ಲ. ಈ ವರ್ಷಗಳ ಪತ್ರಗಳಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಗಳ ಯುದ್ಧವಿದೆ, ಗೆದ್ದು ಬಂದ ಸೈನ್ಯದ ಬರ್ಲಿನ್ ಪ್ರವೇಶವಿದೆ, ಕ್ಲಾರಾ ಶೂಮನ್ ಮತ್ತು ಯೋಸೆಫ್ ಯೋಆಖಿಮ್ ಅವರ ಕಛೇರಿಗಳ ವರ್ಣನೆಗಳಿವೆ. ಅವುಗಳ ನಡುವೆ ತನ್ನ ಪ್ರಗತಿಯ ಬಗ್ಗೆ ಹೆಚ್ಚುತ್ತ ಹೋಗುವ ಹತಾಶೆಯೂ ಇದೆ.

1873ರ ಮೇ ತಿಂಗಳಲ್ಲಿ ಫೇ ವೈಮಾರ್ ತಲುಪಿದರು. ಲಿಸ್ಟ್ ಅವರಿಗೆ ಆಗ 61 ವರ್ಷ. ಕಛೇರಿ ವೇದಿಕೆಯನ್ನು ಕಾಲು ಶತಮಾನದ ಹಿಂದೆಯೇ ತೊರೆದಿದ್ದ ಅವರು ವರ್ಷವನ್ನು ರೋಮ್, ಬುಡಾಪೆಸ್ಟ್, ವೈಮಾರ್‌ಗಳ ನಡುವೆ ಹಂಚಿಕೊಂಡಿದ್ದರು. ವೈಮಾರ್‌ನಲ್ಲಿದ್ದಾಗ ಅರಮನೆಯ ತೋಟದ ಅಧಿಕಾರಿಗಾಗಿ ಹಿಂದೆ ಕಟ್ಟಿಸಿದ್ದ ಮನೆಯ ಮೇಲ್ಮಹಡಿ ಅವರ ವಾಸಸ್ಥಾನ. ವಾರಕ್ಕೆ ಮೂರು ದಿನ ಮಧ್ಯಾಹ್ನ ಅಲ್ಲಿ ಶಿಷ್ಯರು ಸೇರುತ್ತಿದ್ದರು. ಬಂದವರು ತಾವು ಸಿದ್ಧಪಡಿಸಿದ ಕೃತಿಯ ಸ್ವರಲಿಪಿಯನ್ನು ಪಿಯಾನೊದ ಮೇಲೆ ಇಡುವುದು, ಲಿಸ್ಟ್ ಆ ರಾಶಿಯನ್ನು ತಿರುವಿ ಹಾಕಿ ಒಂದನ್ನು ಆರಿಸುವುದು, ಅದನ್ನು ತಂದವರು ಎಲ್ಲರ ಎದುರು ನುಡಿಸುವುದು, ಅವರು ಕೇಳಿ ತಿದ್ದುವುದು ಅಥವಾ ತಾವೇ ನುಡಿಸಿ ತೋರಿಸುವುದು, ಇದು ಅಲ್ಲಿನ ಕ್ರಮ. ಒಬ್ಬರಿಗೆ ಹೇಳಿದ ಪಾಠವನ್ನು ಉಳಿದವರೆಲ್ಲ ಕೇಳಿ ಕಲಿಯುವ ಈ ಪದ್ಧತಿಯೇ ಇಂದು ಜಗತ್ತಿನ ಸಂಗೀತ ಶಾಲೆಗಳಲ್ಲಿ ‘ಮಾಸ್ಟರ್ ಕ್ಲಾಸ್’ ಎಂಬ ಹೆಸರಿನಿಂದ ನೆಲೆನಿಂತಿದೆ. ಲಿಸ್ಟ್ ಯಾರಿಂದಲೂ ಶುಲ್ಕ ಪಡೆಯುತ್ತಿರಲಿಲ್ಲ. ಅವರ ಬಾಲ್ಯದ ಗುರು ಕಾರ್ಲ್ ಚೆರ್ನಿ ಹಣ ತೆಗೆದುಕೊಳ್ಳದೆ ಅವರಿಗೆ ಕಲಿಸಿದ್ದರು. ಆ ಋಣವನ್ನು ಲಿಸ್ಟ್ ಜೀವನದ ಕೊನೆಯವರೆಗೆ ತಮ್ಮ ಶಿಷ್ಯರಿಗೆ ತೀರಿಸಿದರೆಂದು ಹೇಳಿದರೆ ತಪ್ಪಾಗದು.

ಲಿಸ್ಟ್ ಅವರ ಬೋಧನೆಯ ಬಗ್ಗೆ ಅಲೆಕ್ಸಾಂಡರ್ ಸಿಲೋಟಿ, ಕಾರ್ಲ್ ಲಾಖ್ಮುಂಡ್, ಆಗಸ್ಟ್ ಗೋಲರಿಖ್ ಮುಂತಾದ ಶಿಷ್ಯರೂ ಬರೆದಿದ್ದಾರೆ. ಆದರೆ ಅವರೆಲ್ಲ ಲಿಸ್ಟ್ ಬಳಿಗೆ ಬಂದದ್ದು 1880ರ ದಶಕದಲ್ಲಿ, ಗುರು ಮುಪ್ಪಾಗಿ ದೃಷ್ಟಿ ಮಂದವಾಗುತ್ತಿದ್ದ ದಿನಗಳಲ್ಲಿ. ಫೇ ಕಂಡ ಲಿಸ್ಟ್ ಇನ್ನೂ ಕಸುವಿನ ಮನುಷ್ಯ. ಆತ ಕೋಣೆಗೆ ಬಂದ ಕೂಡಲೇ ಎಲ್ಲರೂ ಎದ್ದುನಿಲ್ಲುವುದು, ಒಂದು ಸಾಲನ್ನು ನುಡಿಸಿ ತೋರಿಸಿದಾಗ ಪರಿಚಿತ ಕೃತಿಯೇ ಹೊಸದಾಗಿ ಕಾಣುವುದು, ಬೈಗುಳವಿಲ್ಲದೆಯೇ ಶಿಷ್ಯರು ತಮ್ಮ ಶಕ್ತಿಗೆ ಮೀರಿ ನುಡಿಸುವಂತಾಗುವುದು, ಇವನ್ನೆಲ್ಲ ಅವರು ವಿವರವಾಗಿ ಬಣ್ಣಿಸುತ್ತಾರೆ. ಬರ್ಲಿನ್‌ನ ಮೂರೂವರೆ ವರ್ಷಗಳ ಬಿಗಿತ ವೈಮಾರ್‌ನ ಒಂದು ಬೇಸಗೆಯಲ್ಲಿ ಸಡಿಲಗೊಂಡದ್ದು ಆ ಪತ್ರಗಳ ವಾಕ್ಯಗಳ ಓಟದಲ್ಲೇ ಗೊತ್ತಾಗುತ್ತದೆ. ಸ್ಫೂರ್ತಿ ಕೊಡುವ ಗುರು ಎಂಬ ಮಾತಿಗೆ ಸಂಗೀತದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಆದರೆ ಲಿಸ್ಟ್ ಕೈಚಳಕವನ್ನು ಕಲಿಸುತ್ತಿರಲಿಲ್ಲ. ಅದನ್ನು ಶಿಷ್ಯರು ಮನೆಯಲ್ಲೇ ಗಳಿಸಿಕೊಂಡು ಬರಬೇಕೆಂಬುದು ಅವರ ನಿಲುವು. ಅವರ ಪಾಠ ಏನಿದ್ದರೂ ಕೃತಿಯ ಭಾವ, ಲಯ, ನಾದದ ಕಲ್ಪನೆಗಳನ್ನು ಕುರಿತದ್ದು. ಗುರು ಹಾಡಿದ್ದನ್ನು ಶಿಷ್ಯ ಹಾಗೆಯೇ ಒಪ್ಪಿಸುವ ಪಾಠಾಂತರದ ಕ್ರಮ ಕರ್ನಾಟಕ ಸಂಗೀತದಲ್ಲಿ ಫಲ ಕೊಡಲು ಒಂದು ಕಾರಣ, ಗಾಯನದಲ್ಲಿ ಕಿವಿ ಕೇಳಿದ್ದನ್ನು ಕಂಠ ತಾನಾಗಿ ಅರಸಿಕೊಂಡು ಹೋಗಬಲ್ಲದು, ಮತ್ತು ಆ ಕೇಳ್ಮೆ ವರ್ಷಾನುಗಟ್ಟಲೆ ನಡೆಯುತ್ತದೆ. ಪಿಯಾನೊದ ಮುಂದೆ ಕುಳಿತ ಕೈಗೆ ಆ ಅನುಕೂಲವಿಲ್ಲ. ಕೇಳಿದ ನಾದ ಯಾವ ಸ್ನಾಯುವಿನ ಸಡಿಲಿಕೆಯಿಂದ, ತೋಳಿನ ಎಷ್ಟು ಭಾರದಿಂದ ಹುಟ್ಟಿತೆಂಬುದನ್ನು ಕಿವಿ ಹೇಳಲಾರದು, ಕಣ್ಣಿಗೂ ಅದು ಪೂರ್ತಿ ಕಾಣಿಸದು. ಸ್ವಾಭಾವಿಕವಾಗಿ ಅದನ್ನು ಪಡೆದವರು ಲಿಸ್ಟ್ ಅವರ ಕೋಣೆಯಲ್ಲಿ ಅರಳಿದರು. ಪಡೆಯದವರು ಬೆರಗಾಗಿ ಕೇಳಿದರು. ಫೇ ತಮ್ಮನ್ನು ಎರಡನೆಯ ಗುಂಪಿನಲ್ಲಿ ಎಣಿಸಿಕೊಂಡು, ಶರತ್ಕಾಲದಲ್ಲಿ ಬರ್ಲಿನ್‌ಗೆ ಮರಳಿದರು.

ಅದೇ ವರ್ಷದ ಚಳಿಗಾಲದಲ್ಲಿ ಅವರಿಗೆ ಡೆಪ್ಪೆ ಅವರ ಪರಿಚಯವಾಯಿತು. 1828ರಲ್ಲಿ ಹುಟ್ಟಿದ ಡೆಪ್ಪೆ, ಬ್ರಾಮ್ಸ್ ಅವರ ಗುರುವಾಗಿದ್ದ ಹ್ಯಾಂಬರ್ಗ್‌ನ ಎಡುವರ್ಡ್ ಮಾರ್ಕ್ಸನ್ ಅವರ ಬಳಿ ಕಲಿತವರು. ವೃತ್ತಿಯಿಂದ ವಾದ್ಯವೃಂದದ ನಿರ್ದೇಶಕರು, ಕಛೇರಿ ಕೊಡುವ ಪಿಯಾನೊ ವಾದಕರಲ್ಲ. ಬಹುಶಃ ಆದ್ದರಿಂದಲೇ ಅವರು ಬೇರೆಯವರ ಕೈಯನ್ನು ಗಮನಿಸಿ ನೋಡಿದರು. ನಾದ ಬೆರಳಿನ ಬಡಿತದಿಂದ ಹುಟ್ಟಬಾರದು, ಭುಜದಿಂದ ಬೆರಳಿನ ತುದಿಯವರೆಗಿನ ಎಲ್ಲ ಸ್ನಾಯುಗಳೂ ಸೇರಿ ಕೆಲಸ ಮಾಡಿದಾಗ ಹುಟ್ಟಬೇಕು ಎಂಬುದು ಅವರ ಸಿದ್ಧಾಂತದ ತಿರುಳು. ಇದನ್ನು ಕಲಿಸಲು ಅವರು ಫೇ ಅವರಿಂದ ದೊಡ್ಡ ಕೃತಿಗಳನ್ನೆಲ್ಲ ಬಿಡಿಸಿ, ಮಕ್ಕಳಿಗೆ ಕೊಡುವಂಥ ಐದು ಬೆರಳಿನ ಸರಳ ಅಭ್ಯಾಸಕ್ಕೆ ಇಳಿಸಿದರು. ಆರು ವರ್ಷದ ವಿದೇಶವಾಸದಲ್ಲಿ ನಾಲ್ಕು ವರ್ಷ ಕಳೆದಿದ್ದ, ಲಿಸ್ಟ್ ಎದುರು ನುಡಿಸಿ ಬಂದಿದ್ದ ವಾದಕಿ ಅದಕ್ಕೆ ಒಪ್ಪಿದರೆಂಬುದು ಈ ಪುಸ್ತಕದ ಅತ್ಯಂತ ಗೌರವಾರ್ಹ ಸಂಗತಿ.

ಡೆಪ್ಪೆ ಅವರ ಪಾಠದಲ್ಲಿ ಕುಳಿತುಕೊಳ್ಳುವ ಎತ್ತರದಿಂದಲೇ ತಿದ್ದುಪಡಿ ಶುರು. ಆಸನ ತಗ್ಗಾಗಿರಬೇಕು, ಆಗ ಮುಂಗೈ ಹೊರೆಯಾಗದೆ ಬೆರಳುಗಳ ಹಿಂದೆ ಹಗುರವಾಗಿ ನಿಲ್ಲುತ್ತದೆ. ಬೆರಳನ್ನು ಎತ್ತರಕ್ಕೆತ್ತಿ ಹೊಡೆಯುವುದರ ಬದಲು ಕೀಯೊಳಕ್ಕೆ ಮುಳುಗಿಸಬೇಕು. ಹುಟ್ಟಿದ ಪ್ರತಿಯೊಂದು ಸ್ವರವನ್ನೂ ನಿಧಾನವಾಗಿ, ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆಯೇ ಮುಂದಿನ ಸ್ವರಕ್ಕೆ ಹೋಗಬೇಕು. ಸ್ವರಶ್ರೇಣಿಯನ್ನು ನುಡಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ಥಟ್ಟನೆ ತೂರಿಸದೆ, ಮಣಿಕಟ್ಟಿನ ಮೆಲುವಾದ ತಿರುವಿನಿಂದ ಅದಕ್ಕೆ ದಾರಿ ಮಾಡಿಕೊಡಬೇಕು. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ವರಮೇಳಗಳಲ್ಲಿ ಕೈಯನ್ನು ಒತ್ತದೆ, ಮೇಲಿನಿಂದ ತನ್ನ ಭಾರದಿಂದಲೇ ಬೀಳಬಿಡಬೇಕು. ಸ್ವರಗಳು ಮುಂದುವರಿದು ಮೊಳಗುವಂತೆ ಮಾಡುವ ಪೆಡಲ್ ಎಂಬ ಕಾಲೊತ್ತುಗೆಯನ್ನು ಸ್ವರಮೇಳದ ಜೊತೆಗಲ್ಲ, ಅದು ನುಡಿದ ಮರುಕ್ಷಣದಲ್ಲಿ ಒತ್ತಬೇಕು. ಹಾಗೆ ಮಾಡಿದರೆ ಹಿಂದಿನ ನಾದದ ಶೇಷ ಹೊಸದರೊಂದಿಗೆ ಕಲಸಿಹೋಗುವುದಿಲ್ಲ. ಇಂದು ಪಿಯಾನೊ ಕಲಿಯುವ ಯಾವ ಮಗುವಿಗಾದರೂ ಈ ಮಾತುಗಳಲ್ಲಿ ಹೊಸತೇನೂ ಕಾಣಲಾರದು. 1873ರಲ್ಲಿ ಬರ್ಲಿನ್‌ನ ದೊಡ್ಡ ಶಾಲೆಗಳಲ್ಲಿ ವರ್ಷಗಟ್ಟಲೆ ಕಲಿತ ಫೇ ಅವರಿಗೆ ಇವನ್ನು ಯಾರೂ ಹೇಳಿರಲಿಲ್ಲ.

ಇಲ್ಲಿಯೇ ಈ ಪತ್ರಗಳ ಅತಿ ಮುಖ್ಯ ಅರಿವು ಮೂಡುತ್ತದೆ. ಡೆಪ್ಪೆ ಹೇಳಿಕೊಡುತ್ತಿದ್ದ ಚಲನೆಗಳೆಲ್ಲ ವೈಮಾರ್‌ನಲ್ಲಿ ತಾನು ಕಣ್ಣಾರೆ ಕಂಡದ್ದೇ, ಲಿಸ್ಟ್ ಅವನ್ನು ಸಹಜವಾಗಿ, ತಮಗೇ ಅರಿವಿಲ್ಲದೆ ಮಾಡುತ್ತಿದ್ದರು ಎಂದು ಫೇ ಗುರುತಿಸುತ್ತಾರೆ. ಹಾಗೆಂದು ವೈಮಾರ್‌ನ ಬೇಸಗೆ ವ್ಯರ್ಥವಾಗಲಿಲ್ಲ. ಯಾವ ನಾದವನ್ನು ಅರಸಬೇಕೆಂಬುದು ಅಲ್ಲಿ ಕಿವಿಯಲ್ಲಿ ನೆಲೆಗೊಳ್ಳದಿದ್ದರೆ ಐದು ಬೆರಳಿನ ಅಭ್ಯಾಸಕ್ಕೆ ಮರಳುವ ಧೈರ್ಯ ಆಕೆಗೆ ಬರುತ್ತಿತ್ತೆಂದು ಹೇಳಲಾಗದು. ಆದರೂ ತೀರ್ಪು ಕೊಡಬೇಕಾದರೆ, ಶಿಷ್ಯೆಯನ್ನು ವಾದಕಿಯನ್ನಾಗಿ ಮಾಡಿದವರು ಡೆಪ್ಪೆ. ತನಗೆ ಸಹಜವಾದುದನ್ನು ಮಾಡಿ ತೋರಿಸುವುದಕ್ಕಿಂತ, ಬೇರೊಬ್ಬರಿಗೆ ಸಹಜವಾದುದನ್ನು ಬಿಡಿಸಿ ನೋಡಿ ಅದು ಸಹಜವಲ್ಲದವರ ಕೈಗೆ ಸಿಗುವಂತೆ ಮಾಡುವುದು ಹೆಚ್ಚು ಕಷ್ಟದ ಕೆಲಸ.

ಇಂಥದೇ ಸಾಕ್ಷ್ಯ ಇನ್ನೊಂದು ಆತ್ಮವೃತ್ತಾಂತದಲ್ಲೂ ಇದೆ. ಲಿಸ್ಟ್ ಅವರ ಗುರು ಚೆರ್ನಿ ತಮ್ಮ ಬಾಲ್ಯವನ್ನು ಕುರಿತು 1842ರಲ್ಲಿ ಬರೆದ ಟಿಪ್ಪಣಿಯಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ ವಿಯೆನ್ನಾದಲ್ಲಿ ಬೀಥೋವನ್ ಅವರ ಬಳಿ ಪಾಠಕ್ಕೆ ಸೇರಿದ್ದನ್ನು ವಿವರಿಸುತ್ತಾರೆ. ಅಷ್ಟರಲ್ಲೇ ಮೊಟ್ಸಾರ್ಟ್ ಅವರ ಕನ್ಚೆರ್ಟೊ ನುಡಿಸಬಲ್ಲವನಾಗಿದ್ದ ಆ ಬಾಲಕನಿಗೆ ಬೀಥೋವನ್ ಮೊದಲ ಪಾಠಗಳಲ್ಲಿ ಕೊಟ್ಟದ್ದು ಎಲ್ಲ ಶ್ರುತಿಗಳ ಸ್ವರಶ್ರೇಣಿಗಳನ್ನು ಮಾತ್ರ. ಕೈಯ ನಿಲುವು, ಬೆರಳುಗಳ ಸ್ಥಾನ, ಹೆಬ್ಬೆರಳಿನ ಬಳಕೆ ಇವನ್ನು ತಿದ್ದಿದ ಮೇಲೆ, ಒಂದು ಸ್ವರವನ್ನು ಇನ್ನೊಂದಕ್ಕೆ ಕಡಿಯದೆ ಬೆಸೆಯುವ ‘ಲೆಗಾಟೊ’ ಎಂಬ ರೀತಿಗೆ ಅವರು ಒತ್ತುಕೊಟ್ಟರು. ಬಿರುಗಾಳಿಯಂಥ ಸ್ವಭಾವದವರೆಂದು ಜಗತ್ತು ತಿಳಿದಿರುವ ಬೀಥೋವನ್ ಒಬ್ಬ ಬಾಲಕನ ಹೆಬ್ಬೆರಳಿನ ಬಗ್ಗೆ ಅಷ್ಟು ಕಾಳಜಿ ವಹಿಸಿದ್ದು ನಮಗೆ ಗೊತ್ತಿರುವುದು ಆ ಬಾಲಕ ಅದನ್ನು ಮರೆಯದೆ ಬರೆದದ್ದರಿಂದ.

1875ರಲ್ಲಿ ಫೇ ಅಮೆರಿಕಕ್ಕೆ ಮರಳಿದರು. ಪತ್ರಗಳ ಕೆಲ ಭಾಗ 1874ರಲ್ಲೇ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಬಂದಿದ್ದವು; ಕವಿ ಲಾಂಗ್‌ಫೆಲೊ ಅವರ ಪ್ರೋತ್ಸಾಹವೂ ಸೇರಿ 1880ರ ಕೊನೆಗೆ ಷಿಕಾಗೊದಲ್ಲಿ ಪುಸ್ತಕ ಹೊರಬಂದಿತು. ಅಕ್ಕ ಮೆಲುಸೀನಾ ಅವರೇ ಸಂಪಾದಕಿಯಾದ್ದರಿಂದ ಇವು ತಿದ್ದದ ಮೂಲ ಪತ್ರಗಳೆಂದು ಭಾವಿಸಬಾರದು: ಅಕ್ಕ ಅವನ್ನು ಆರಿಸಿ, ನಾಲ್ವರು ಗುರುಗಳ ಹೆಸರಿನಲ್ಲಿ ವಿಭಾಗಿಸಿ, ಕಥನದಂತೆ ಜೋಡಿಸಿದ್ದಾರೆ. ಅದರಿಂದ ಬೆಲೆ ಕುಗ್ಗುವುದಿಲ್ಲ, ಓದುವ ಎಚ್ಚರ ಮಾತ್ರ ಹೆಚ್ಚಬೇಕು. 1882ರಲ್ಲಿ ಜರ್ಮನ್ ಅನುವಾದ ಬಂದಿತು. 1886ರಲ್ಲಿ ಸಂಗೀತ ನಿಘಂಟಿನ ಸಂಪಾದಕ ಜಾರ್ಜ್ ಗ್ರೋವ್ ಅವರ ಮುನ್ನುಡಿಯೊಂದಿಗೆ ಲಂಡನ್ ಮುದ್ರಣ ಬಂದಿತು. ಲೇಖಕಿಯ ಜೀವಿತಾವಧಿಯಲ್ಲೇ ಇಪ್ಪತ್ತಕ್ಕೂ ಹೆಚ್ಚು ಬಾರಿ ಅಚ್ಚಾಯಿತು. ಅದನ್ನು ಓದಿ ಜರ್ಮನಿಗೆ ಹೊರಟ ಅಮೆರಿಕದ ಯುವತಿಯರು ಅನೇಕರು. ಫೇ ಮುಂದೆ ಷಿಕಾಗೊ ಮತ್ತು ನ್ಯೂಯಾರ್ಕ್‌ಗಳಲ್ಲಿ ಕಲಿಸಿದರು, ಕೃತಿಯನ್ನು ಪರಿಚಯಿಸಿ ನುಡಿಸುವ ‘ಪಿಯಾನೊ ಸಂಭಾಷಣೆ’ ಎಂಬ ಹೊಸ ಮಾದರಿಯ ಕಛೇರಿಗಳನ್ನು ಕೊಟ್ಟರು, 1903ರಿಂದ 1914ರವರೆಗೆ ನ್ಯೂಯಾರ್ಕ್‌ನ ಮಹಿಳಾ ಫಿಲ್ಹಾರ್ಮೋನಿಕ್ ಸಂಘದ ಅಧ್ಯಕ್ಷರಾಗಿದ್ದರು. ಸ್ವರಸಂಯೋಜಕ ಜಾನ್ ಆಲ್ಡನ್ ಕಾರ್ಪೆಂಟರ್ ಫೇ ಅವರ ಶಿಷ್ಯರಲ್ಲೊಬ್ಬರು. ಫೇ ತೀರಿಕೊಂಡದ್ದು 1928ರಲ್ಲಿ.

ಚೆರ್ನಿ ಅವರಿಂದ ಹೊರಟ ಗುರುಪರಂಪರೆಯ ಇನ್ನೊಂದು ಕವಲು ಮೈಸೂರಿನವರೆಗೂ ಬಂದಿದೆಯೆಂಬುದನ್ನು ಕನ್ನಡ ಓದುಗರು ಇಲ್ಲಿ ನೆನೆಯಬಹುದು. ಚೆರ್ನಿ ಅವರ ಶಿಷ್ಯ ಲೆಶೆಟಿಟ್ಸ್ಕಿ, ಅವರ ಶಿಷ್ಯ ಸಫೋನೊವ್, ಅವರ ಬಳಿ ಮಾಸ್ಕೋದಲ್ಲಿ ಕಲಿತವರು ನಿಕೊಲಾಯ್ ಮೆಟ್ನರ್. ಸ್ವತಃ ಪಿಯಾನೊ ಕಲಿತು, ವಾದಕರಾಗುವ ಆಸೆಯಿದ್ದು, 1940ರಲ್ಲಿ ಸಿಂಹಾಸನದ ಹೊಣೆ ಬಿದ್ದುದರಿಂದ ಅದನ್ನು ಕೈಬಿಟ್ಟ ಜಯಚಾಮರಾಜ ಒಡೆಯರ್, ಇಂಗ್ಲೆಂಡಿನಲ್ಲಿ ಬಡತನ ಮತ್ತು ಅನಾರೋಗ್ಯಗಳಲ್ಲಿದ್ದ ಮೆಟ್ನರ್ ಅವರ ಕೃತಿಗಳನ್ನು ಅವರದೇ ವಾದನದಲ್ಲಿ ಧ್ವನಿಮುದ್ರಿಸಲು ಧನಸಹಾಯ ನೀಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ.

ಡೆಪ್ಪೆ ತಮ್ಮ ಬೋಧನೆಯನ್ನು ಪುಸ್ತಕವಾಗಿ ಬರೆಯಲಿಲ್ಲ. 1885ರಲ್ಲಿ ವಾದಕರ ತೋಳುನೋವಿನ ಬಗ್ಗೆ ಪ್ರಕಟಿಸಿದ ಲೇಖನವೇ ಈ ವಿಷಯದಲ್ಲಿ ಅವರು ಬಿಟ್ಟುಹೋದ ಮುಖ್ಯ ಬರಹ. ಅವರು 1890ರಲ್ಲಿ ತೀರಿಕೊಂಡ ಮೇಲೆ, 1897ರಲ್ಲಿ, ಶಿಷ್ಯೆ ಎಲಿಸಬೆತ್ ಕಾಲಾಂಡ್ ಗುರುವಿನ ಪಾಠಕ್ರಮವನ್ನು ವಿವರಿಸಿ ಗ್ರಂಥ ಬರೆದರು. ಲಂಡನ್‌ನ ಟೋಬಿಯಾಸ್ ಮ್ಯಾಥೆ 1903ರಲ್ಲಿ, ಬರ್ಲಿನ್‌ನ ರುಡಾಲ್ಫ್ ಬ್ರೈಟ್‌ಹಾಪ್ಟ್ 1905ರಲ್ಲಿ ತೋಳಿನ ಭಾರವನ್ನು ಆಧರಿಸಿದ ವಾದನದ ಶಾಸ್ತ್ರವನ್ನು ಸವಿಸ್ತಾರವಾಗಿ ಮಂಡಿಸುವ ಎಷ್ಟೋ ಮೊದಲೇ, ಅದರ ಸಾರ ಫೇ ಅವರ ಪತ್ರಗಳ ಮೂಲಕ ಸಾಮಾನ್ಯ ಓದುಗರ ಕೈಸೇರಿತ್ತು. ನಮ್ಮಲ್ಲಿ ಇಂದು ಯಾವುದೇ ವಾದ್ಯವನ್ನೋ ಗಾಯನವನ್ನೋ ಗುರುಮುಖೇನ ಕಲಿಯುತ್ತಿರುವವರು ಕೃತಿಗಳ ಧ್ವನಿಮುದ್ರಣದ ಜೊತೆಗೆ, ಪಾಠದಲ್ಲಿ ಗುರುಗಳು ಕೈಯನ್ನೋ ಉಸಿರನ್ನೋ ತಿದ್ದಲು ಆಡಿದ ಮಾತುಗಳನ್ನೂ ಅಂದಂದೇ ಬರೆದಿಡಬೇಕು.